ಬೆಕ್ಕಿನ ಕಣ್ಣಿನಲ್ಲಿ ವಾಸಿಸುವ ಹುಳು



ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ತಿಳಿಯದೆ ಎಂಬ ಗಾದೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಬೆಕ್ಕು ಕಣ್ಣು ಮುಚ್ಚುವುದಕ್ಕೆ ಕಳ್ಳತನವೊಂದೇ ಕಾರಣವಲ್ಲ. ಎರಡು ಕಣ್ಣುಗಳಲ್ಲಿ ಒಂದನ್ನು ಮಾತ್ರ ಅರೆಮುಚ್ಚಿಕೊಂಡು, ಮುಂಗಾಲಿನಿಂದ ಮತ್ತೆ ಮತ್ತೆ ಮುಖವನ್ನು ಒರೆಸಿಕೊಳ್ಳುತ್ತ, ಬೆಳಕಿಗೆ ಬೆನ್ನು ಮಾಡಿ ಮೂಲೆಯಲ್ಲಿ ಕುಳಿತಿರುವ ಬೆಕ್ಕು ನಿದ್ರಿಸುತ್ತಿಲ್ಲ. ಅದು ನೋವನ್ನು ಅನುಭವಿಸುತ್ತಿದೆ. ಈ ಪ್ರಾಣಿಯ ಸ್ವಭಾವವೇ ನೋವನ್ನು ಮರೆಮಾಡುವುದು. ನಾಯಿಯಂತೆ ಅದು ನಮ್ಮ ಕಾಲಬಳಿಗೆ ಬಂದು ಕುಂಯ್ಗುಟ್ಟುವುದಿಲ್ಲ. ಆದುದರಿಂದ ಬೆಕ್ಕಿನ ಕಣ್ಣಿನ ರೋಗವನ್ನು ಕಂಡುಹಿಡಿಯುವ ಭಾರವೆಲ್ಲ ಮನೆಯವರ ದೃಷ್ಟಿಯ ಮೇಲೆಯೇ ಬೀಳುತ್ತದೆ.

ಕಣ್ಣಿನಲ್ಲಿ ನೀರು ಸುರಿಯುವುದಕ್ಕೆ ನೂರು ಕಾರಣಗಳುಂಟು. ಅವುಗಳಲ್ಲಿ ಒಂದು, ಕಣ್ಣಿನ ಮೇಲ್ಮೈಯಲ್ಲಿ, ರೆಪ್ಪೆಗಳ ಮರೆಯಲ್ಲಿ, ಕಣ್ಣೀರಿನಲ್ಲೇ ಈಜುತ್ತ ಬಾಳುವ ಜಂತುಹುಳು. ಇದನ್ನೇ ಈ ಭಾಷಣದ ವಿಷಯವನ್ನಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಶರೀರದೊಳಗಿನ ಬಹುಪಾಲು ಜಂತುಗಳನ್ನು ಗುರುತಿಸಲು ಸೂಕ್ಷ್ಮದರ್ಶಕ ಯಂತ್ರ ಬೇಕು. ಈ ಹುಳುವನ್ನು ನೋಡಲು ಬರಿಗಣ್ಣು ಸಾಕು. ಹಾಗಿದ್ದರೂ ವಾರಗಟ್ಟಲೆ, ತಿಂಗಳುಗಟ್ಟಲೆ ಇದು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಕಣ್ಣಿಗೆ ಔಷಧದ ಹನಿಗಳು ಬೀಳುತ್ತಲೇ ಇರುತ್ತವೆ, ಕಣ್ಣು ಕೆಡುತ್ತಲೇ ಹೋಗುತ್ತದೆ. ನೋಡಬೇಕಾದ ಸ್ಥಳದಲ್ಲಿ ಯಾರೂ ನೋಡಿಲ್ಲವೆಂಬುದೇ ಇದಕ್ಕೆ ಕಾರಣ.

ಮೊದಲು ಆ ಸ್ಥಳ ಯಾವುದೆಂಬುದನ್ನು ತಿಳಿಯೋಣ. ಮನುಷ್ಯನಿಗೆ ಮೇಲಿನದೊಂದು, ಕೆಳಗಿನದೊಂದು, ಹೀಗೆ ಎರಡು ರೆಪ್ಪೆಗಳು. ಬೆಕ್ಕಿಗೆ ಇವೆರಡರ ಜೊತೆಗೆ ಮೂರನೆಯದೊಂದು ರೆಪ್ಪೆಯುಂಟು. ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಅದು ತೆಳುವಾದ ಬಿಳಿಯ ಪರದೆಯಂತೆ ಮಡಿಸಿಕೊಂಡಿರುತ್ತದೆ. ಬೆಕ್ಕು ಆರೋಗ್ಯವಾಗಿ ಎಚ್ಚರದಿಂದಿರುವಾಗ ಅದು ನಮಗೆ ಕಾಣುವುದೇ ಇಲ್ಲವೆನ್ನಬಹುದು. ಕಣ್ಣು ನೋಯುತ್ತಿದ್ದರೆ ಮಾತ್ರ ಆ ಪರದೆ ಕರಿಗುಡ್ಡೆಯ ಮೇಲಕ್ಕೆ ಅರ್ಧದವರೆಗೂ ಸರಿದು ನಿಲ್ಲುತ್ತದೆ. ಅನೇಕರು ಇದನ್ನು ನೋಡಿ ಬೆಕ್ಕಿನ ಕಣ್ಣಿಗೆ ಪೊರೆ ಬಂದಿತೆಂದು ಭಾವಿಸುವುದುಂಟು. ಅದು ಪೊರೆಯಲ್ಲ; ನೋವಿನಿಂದ ಕಣ್ಣನ್ನು ರಕ್ಷಿಸಿಕೊಳ್ಳುವ ಪ್ರಕೃತಿಯ ಉಪಾಯ. ಈ ಪರದೆಗೂ ಕಣ್ಣುಗುಡ್ಡೆಗೂ ನಡುವೆ ಒಂದು ಸಣ್ಣ ಚೀಲದಂತಹ ಅವಕಾಶವಿದೆ. ಬೆಚ್ಚಗೆ, ತೇವವಾಗಿ, ಕತ್ತಲೆಯಾಗಿರುವ ಆ ಚೀಲವೇ ನಮ್ಮ ಹುಳುವಿನ ಮನೆ.

ಹುಳುವಿನ ಶಾಸ್ತ್ರೀಯ ನಾಮಧೇಯ ತೆಲಾಜಿಯ ಕ್ಯಾಲಿಪೀಡ. ಇದಕ್ಕೆ ನಾಮಕರಣ ಮಾಡಿದವರು ಫ್ರಾನ್ಸಿನ ಆಲ್ಫೋರ್ ಪಶುವೈದ್ಯ ವಿದ್ಯಾಲಯದ ರಾಯೆ ಮತ್ತು ಆನ್ರಿ ಎಂಬ ವಿದ್ವಾಂಸರು. ಕಾಲ 1910ನೆಯ ಇಸವಿ. ಅವರು ಪರೀಕ್ಷಿಸಿದ ಹುಳುಗಳು ದೊರೆತದ್ದು ಪಂಜಾಬಿನ ರಾವಲ್ಪಿಂಡಿಯ ಒಂದು ನಾಯಿಯ ಕಣ್ಣಿನಲ್ಲಿ. ಏಳು ವರ್ಷಗಳ ತರುವಾಯ, 1917ರಲ್ಲಿ, ಚೀನಾ ದೇಶದ ಪೀಕಿಂಗಿನಿಂದ ಮನುಷ್ಯರ ಕಣ್ಣಿನಲ್ಲಿಯೂ ಇದೇ ಹುಳು ಇದ್ದ ವರ್ತಮಾನ ಬಂದಿತು. 1948ರಲ್ಲಿ ನಮ್ಮ ನೆರೆಯ ಸೇಲಂನಿಂದ ಭಾರತದ ಮೊದಲ ಮಾನವ ರೋಗಿಯ ವಿಷಯ ವರದಿಯಾಯಿತು. ಆ ಬಳಿಕ ಅಸ್ಸಾಂ, ಮಣಿಪುರಗಳಿಂದಲೂ, 2014ರಲ್ಲಿ ಕರ್ನಾಟಕದಿಂದಲೂ ಅಂತಹ ವರದಿಗಳು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ.

ಮೊದಲಿಗೆ ಏಷ್ಯದಲ್ಲಿಯೇ ಕಂಡುಬಂದದ್ದರಿಂದ ಇಂಗ್ಲಿಷರು ಇದನ್ನು ಪೂರ್ವದೇಶಗಳ ಕಣ್ಣುಹುಳುವೆಂದು ಕರೆದರು. ಆದರೆ ಹುಳುವಿಗೆ ಪೂರ್ವಪಶ್ಚಿಮಗಳ ಭೇದವಿಲ್ಲ. 1989ರಲ್ಲಿ ಇಟಲಿಯ ಉತ್ತರಭಾಗದ ನಾಯಿಗಳಲ್ಲಿ ಇದು ಕಾಣಿಸಿತು. ಇಟಲಿಯ ದಕ್ಷಿಣಕ್ಕಿರುವ ಬಸಿಲಿಕಾತ ಎಂಬ ಬೆಟ್ಟನಾಡಿನಲ್ಲಿ 2003ರ ಸುಮಾರಿಗೆ ಪರಿಶೋಧನೆ ನಡೆಸಿದಾಗ ಕೆಲವು ಊರುಗಳ ನಾಯಿಗಳ ಪೈಕಿ ನೂರಕ್ಕೆ 60ರಷ್ಟರಲ್ಲಿ ಹುಳು ಇದ್ದಿತು. ಬೆಕ್ಕು, ನರಿ, ತೋಳ, ಮೊಲಗಳಲ್ಲಿಯೂ ದೊರೆಯಿತು. ಅಲ್ಲಿಂದ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಸ್ಪೇನ್, ಪೋರ್ಚುಗಲ್, ರುಮೇನಿಯ ಮೊದಲಾದ ದೇಶಗಳಿಂದ ಒಂದರ ಹಿಂದೊಂದು ಸುದ್ದಿ ಬಂದಿತು. 2020ರಿಂದೀಚೆಗೆ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ನಾಯಿಗಳಲ್ಲಿಯೂ ಕಂಡುಬಂದಿದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಇದರ ದಾಯಾದಿಯಾದ ತೆಲಾಜಿಯ ಕ್ಯಾಲಿಫೋರ್ನಿಯೆನ್ಸಿಸ್ ಎಂಬ ಬೇರೊಂದು ಹುಳು ಜಿಂಕೆ, ಕರಡಿ, ನಾಯಿ, ಬೆಕ್ಕುಗಳ ಕಣ್ಣಿನಲ್ಲಿ ವಾಸಿಸುತ್ತದೆ. ಅದನ್ನು ವರ್ಣಿಸಿದ್ದು 1930ರಲ್ಲಿ. ನಮ್ಮ ಹಸು ಎಮ್ಮೆಗಳ ಕಣ್ಣಿನಲ್ಲಿ ಕಾಣುವ ತೆಲಾಜಿಯ ರೋಡೆಸಿಯೂ ಈ ಕುಲಕ್ಕೇ ಸೇರಿದ್ದು. ದನ ಕಟ್ಟಿದ ಮನೆಗಳಿಂದ ಬಂದವರು ಈ ಮಾತನ್ನು ಹೊಸದೆಂದು ಎಣಿಸಲಾರರು.

ಹುಳುವಿನ ರೂಪವನ್ನು ಹೇಳುವೆನು. ಬಣ್ಣ ಹಾಲಿನಂತೆ ಬಿಳುಪು. ಹೆಣ್ಣುಹುಳು 12ರಿಂದ 18 ಮಿಲಿಮೀಟರ್ ಉದ್ದ, ಎಂದರೆ ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದವರೆಗೆ. ಗಂಡು ಅದಕ್ಕಿಂತಲೂ ಗಿಡ್ಡ. ದಪ್ಪ ಹೊಲಿಗೆಯ ದಾರದಷ್ಟು. ಕಣ್ಣಿನ ಬಿಳಿಯ ಭಾಗದ ಮೇಲೆ ಬಿಳಿಯ ದಾರದ ತುಂಡೊಂದು ಅಂಟಿಕೊಂಡಂತೆ ತೋರುತ್ತದೆ; ನೋಡುತ್ತಿರುವಂತೆಯೇ ಆ ದಾರ ಬಳುಕುತ್ತ ಸರಿದು ರೆಪ್ಪೆಯ ಕೆಳಗೆ ಮಾಯವಾಗುತ್ತದೆ. ಹುಳುವಿನ ಚರ್ಮ ನುಣುಪಾದುದಲ್ಲ. ಅದರ ಮೈಸುತ್ತಲೂ ಅಡ್ಡಡ್ಡವಾಗಿ ಬಳೆಗಳಂತಹ ಗೀರುಗಳಿದ್ದು, ಅವುಗಳ ಅಂಚು ಗರಗಸದ ಹಲ್ಲಿನಂತೆ ಹರಿತವಾಗಿರುತ್ತದೆ. ಹುಳು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಕಣ್ಣೀರಿನಿಂದಲೇ ಅದರ ಜೀವನ. ಆದರೆ ಅದು ಹರಿದಾಡುವಾಗಲೆಲ್ಲ ಈ ಸಣ್ಣ ಗರಗಸ ಕಣ್ಣಿನ ಮೃದುವಾದ ಪದರವನ್ನು ತರಚುತ್ತಲೇ ಇರುತ್ತದೆ. ನಮ್ಮ ಕಣ್ಣಿನಲ್ಲಿ ಮರಳಿನ ಕಣವೊಂದು ಅರ್ಧ ಗಳಿಗೆ ಇದ್ದರೆ ಎಷ್ಟು ಸಂಕಟವಾಗುತ್ತದೆಂಬುದನ್ನು ನೆನೆದುಕೊಂಡರೆ ಬೆಕ್ಕಿನ ಪಾಡು ಮನಸ್ಸಿಗೆ ಬರುತ್ತದೆ.

ಹುಳು ಕಣ್ಣಿಗೆ ಬಂದದ್ದೆಲ್ಲಿಂದ? ಕೊಳಕು ನೀರಿನಿಂದಲೂ ಅಲ್ಲ, ಹಳಸಿದ ಆಹಾರದಿಂದಲೂ ಅಲ್ಲ. ಇದನ್ನು ಹೊತ್ತು ತರುವುದು ನೊಣ. ಯೂರೋಪಿನಲ್ಲಿ ಈ ಕೆಲಸ ಮಾಡುವ ನೊಣದ ಹೆಸರು ಫೋರ್ಟಿಕ ವೇರಿಯೆಗಾಟ. ಮಾಗಿದ ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ಹಣ್ಣಿನ ನೊಣಗಳಿಗೆ ಇದು ಹತ್ತಿರದ ಬಂಧು. ಕಾಡಿನಂಚಿನಲ್ಲಿ ಮರದಿಂದ ಒಸರುವ ರಸವನ್ನೂ ಕೊಳೆತ ಹಣ್ಣನ್ನೂ ತಿಂದು ಬದುಕುವ ಈ ನೊಣಕ್ಕೆ ಪ್ರಾಣಿಗಳ ಕಣ್ಣೀರಿನ ಮೇಲೆ ವಿಶೇಷವಾದ ಆಸೆ. ಅದರಲ್ಲಿಯೂ ಹೀಗೆ ಕಣ್ಣೀರಿಗೆ ಮುತ್ತುವುದು ಗಂಡು ನೊಣಗಳೇ ಎಂಬುದು ಇಟಲಿಯ ಸಂಶೋಧಕರು ಕಂಡುಕೊಂಡ ಒಂದು ಸೋಜಿಗ. ಹುಳುವನ್ನು ಇದೇ ನೊಣ ಸಾಗಿಸುತ್ತದೆಂಬುದು ಅಲ್ಲಿ 2005 ಮತ್ತು 2006ರಲ್ಲಿ ನಡೆದ ಪ್ರಯೋಗ ಪರಿಶೀಲನೆಗಳಿಂದ ಸ್ಥಿರಪಟ್ಟಿತು.

ಕ್ರಮ ಹೀಗೆ. ಕಣ್ಣಿನಲ್ಲಿರುವ ಹೆಣ್ಣುಹುಳು ಮೊಟ್ಟೆಯಿಟ್ಟು ಬಿಡುವುದಿಲ್ಲ. ಸಜೀವವಾದ ಮರಿಗಳನ್ನೇ ಕಣ್ಣೀರಿಗೆ ಬಿಡುತ್ತದೆ. ಇವು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ನೊಣ ಬಂದು ಕಣ್ಣಿನ ಅಂಚಿನಲ್ಲಿ ಕುಳಿತು ಕಣ್ಣೀರು ಹೀರುವಾಗ ಮರಿಗಳೂ ಅದರ ಹೊಟ್ಟೆ ಸೇರುತ್ತವೆ. ಅಲ್ಲಿ ಎರಡು ಮೂರು ವಾರ ಬೆಳೆದು, ಎರಡು ಸಲ ಪೊರೆ ಕಳಚಿ, ನೊಣದ ಬಾಯಿಯ ತುದಿಗೆ ಬಂದು ಕಾದುಕೊಂಡಿರುತ್ತವೆ. ಅದೇ ನೊಣ ಇನ್ನೊಂದು ಪ್ರಾಣಿಯ ಕಣ್ಣಿನ ಮೇಲೆ ಕುಳಿತಾಗ ಮರಿಗಳು ಅಲ್ಲಿಗೆ ಇಳಿಯುತ್ತವೆ. ಸುಮಾರು ಐದು ವಾರಗಳಲ್ಲಿ ಅವು ಬೆಳೆದ ಹುಳುಗಳಾಗುತ್ತವೆ. ಚಿಕಿತ್ಸೆಯಾಗದಿದ್ದರೆ ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಬಾಳಬಲ್ಲವು. ಈ ವೃತ್ತಾಂತದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ನೊಣದ ಮಧ್ಯಸ್ಥಿಕೆಯಿಲ್ಲದೆ ಹುಳು ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟಲಾರದು. ಆದುದರಿಂದ ರೋಗವಿರುವ ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ, ಎತ್ತಿಕೊಂಡ ಮಾತ್ರಕ್ಕೆ ಮನೆಯ ಮಕ್ಕಳಿಗೆ ಅದು ಅಂಟುವುದಿಲ್ಲ. ಎರಡು, ನೊಣಗಳ ಕಾಲ ಕಳೆದ ಮೇಲೆಯೂ ಹುಳು ಕಣ್ಣಿನಲ್ಲಿ ಉಳಿದಿರುವುದರಿಂದ, ಚಳಿಗಾಲದಲ್ಲಿ ಕಣ್ಣು ಕೆಟ್ಟರೆ ಅದು ಹುಳುವಿನಿಂದಲ್ಲವೆಂದು ತಳ್ಳಿಹಾಕುವಂತಿಲ್ಲ.

ಈಗ ಲಕ್ಷಣಗಳನ್ನು ವಿಚಾರಿಸೋಣ. ಆರಂಭದಲ್ಲಿ ಕಣ್ಣಿನಿಂದ ತಿಳಿಯಾದ ನೀರು ಹರಿಯುತ್ತದೆ; ಮೂಗಿನ ಪಕ್ಕದ ರೋಮ ಸದಾ ಒದ್ದೆಯಾಗಿರುತ್ತದೆ. ಬಿಳಿಯ ಬೆಕ್ಕಾದರೆ ಅಲ್ಲಿ ಕಂದು ಬಣ್ಣದ ಕರೆ ಕಟ್ಟುತ್ತದೆ. ಬೆಕ್ಕು ಕಣ್ಣನ್ನು ಪದೇ ಪದೇ ಮಿಟುಕಿಸುತ್ತದೆ, ಬೆಳಕನ್ನು ಸಹಿಸುವುದಿಲ್ಲ, ಮುಖವನ್ನು ಚಾಪೆಗೋ ಗೋಡೆಗೋ ಉಜ್ಜುತ್ತದೆ. ಬಳಿಕ ಕಣ್ಣಿನ ಲೋಳ್ಪೊರೆ ಕೆಂಪಗೆ ಊದಿಕೊಳ್ಳುತ್ತದೆ. ತಿಳಿಯಾಗಿದ್ದ ನೀರು ಗಟ್ಟಿಯಾಗಿ ಹಳದಿಯ ಗೀಜಾಗುತ್ತದೆ. ಬೆಳಗಾಗುವುದರೊಳಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಕೊನೆಯ ಘಟ್ಟದಲ್ಲಿ, ಕರಿಗುಡ್ಡೆಯ ಮುಂದೆ ಗಾಜಿನಂತಿರುವ ಪಾರದರ್ಶಕ ಪಟಲ ಮಬ್ಬಾಗುತ್ತದೆ, ಅದರ ಮೇಲೆ ಹುಣ್ಣಾಗುತ್ತದೆ. ಹುಣ್ಣು ಆಳವಾದರೆ ಪಟಲ ತೂತಾಗಿ ಕಣ್ಣೇ ಹೋಗಬಹುದು. ಎಲ್ಲ ಬೆಕ್ಕುಗಳೂ ಈ ಕೊನೆಯ ಘಟ್ಟವನ್ನು ಮುಟ್ಟುವುದಿಲ್ಲ. ಹುಳುವಿದ್ದರೂ ಹೆಚ್ಚಿನ ತೊಂದರೆಯನ್ನು ತೋರದ ಬೆಕ್ಕುಗಳೂ ಉಂಟು. ಆದರೆ ಯಾವ ಬೆಕ್ಕಿನ ಕಣ್ಣು ಯಾವ ದಾರಿ ಹಿಡಿಯುತ್ತದೆಂಬುದನ್ನು ಮೊದಲೇ ಹೇಳಲು ಬರುವುದಿಲ್ಲ.

ಇವೇ ಲಕ್ಷಣಗಳು ಬೇರೆ ರೋಗಗಳಲ್ಲಿಯೂ ಕಾಣುವುದರಿಂದಲೇ ಹುಳುವಿಗೆ ಇಷ್ಟು ದೊಡ್ಡ ಮರೆ ದೊರೆತಿದೆ. ಬೆಕ್ಕುಗಳಿಗೆ ಬರುವ ನೆಗಡಿಜ್ವರದಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಅದರೊಡನೆ ಸಾಮಾನ್ಯವಾಗಿ ಸೀನು, ಮೂಗು ಕಟ್ಟುವುದು, ಅನ್ನ ಬಿಡುವುದು ಇವೂ ಇರುತ್ತವೆ. ಹುಲ್ಲಿನ ಮುಳ್ಳು ಕಣ್ಣಿಗೆ ಸಿಕ್ಕಿಕೊಂಡರೂ, ಜಗಳದಲ್ಲಿ ಉಗುರು ತಗುಲಿದರೂ, ರೆಪ್ಪೆಯ ಅಂಚು ಒಳಕ್ಕೆ ಮಡಿಸಿಕೊಂಡು ರೋಮ ಚುಚ್ಚುತ್ತಿದ್ದರೂ ಕಣ್ಣು ಹೀಗೆಯೇ ಆಗುತ್ತದೆ. ವೈದ್ಯರು ಸಾಮಾನ್ಯವಾದ ಉರಿಯೂತವೆಂದು ಬಗೆದು ಹನಿಯೌಷಧ ಕೊಡುತ್ತಾರೆ. ಔಷಧದಿಂದ ಸೋಂಕು ಇಳಿದು ನಾಲ್ಕು ದಿನ ಕಣ್ಣು ತಿಳಿಯಾಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಹುಳು ಮಾತ್ರ ತನ್ನ ಸ್ಥಾನದಲ್ಲಿಯೇ ಇರುತ್ತದೆ. ಐದನೆಯ ದಿನ ಪುನಃ ಮೊದಲಿನಂತೆಯೇ. ಹೀಗೆ ಹನಿಯೌಷಧಕ್ಕೆ ತಗ್ಗಿ, ನಿಲ್ಲಿಸಿದೊಡನೆ ಮರುಕಳಿಸುವ ಕಣ್ಣುರಿ, ಅದರಲ್ಲಿಯೂ ಒಂದೇ ಕಣ್ಣಿಗೆ ಬಂದದ್ದು, ಸೀನು ನೆಗಡಿಗಳಿಲ್ಲದೆ ಬಂದದ್ದು, ಹೊರಗೆ ತಿರುಗಾಡುವ ಬೆಕ್ಕಿಗೆ ಬಂದದ್ದು: ಇಂತಹುದನ್ನು ಕಂಡಾಗ ಹುಳುವಿನ ಸಂದೇಹ ತಟ್ಟನೆ ಹೊಳೆಯಬೇಕು. ಎರಡು ಕಣ್ಣಿಗೂ ಹುಳು ಬೀಳುವುದುಂಟಾದುದರಿಂದ ಎರಡನ್ನೂ ನೋಡಿಯೇ ತೀರಬೇಕು.

ಮನೆಯಲ್ಲಿ ಎಷ್ಟರಮಟ್ಟಿಗೆ ಪರೀಕ್ಷಿಸಬಹುದು? ಬೆಕ್ಕನ್ನು ದಪ್ಪನೆಯ ಟವಲಿನಲ್ಲಿ ಕಾಲುಗಳ ಸಮೇತ ಸುತ್ತಿ, ಒಬ್ಬರು ಮಡಿಲಲ್ಲಿ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಕಿಟಕಿಯ ಬೆಳಕಿನಲ್ಲಿ, ಕೈತೊಳೆದುಕೊಂಡು, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಕೆಳಕ್ಕೆ ಎಳೆದು ನೋಡಬೇಕು. ಮೂಗಿನ ಪಕ್ಕದ ಮೂಲೆಯಲ್ಲಿ ದೃಷ್ಟಿಯಿಟ್ಟು ಅರ್ಧ ನಿಮಿಷ ತಾಳ್ಮೆಯಿಂದ ಕಾದರೆ, ಹುಳುವಿದ್ದ ಪಕ್ಷದಲ್ಲಿ ಅದು ಅಲುಗಾಡಿ ತನ್ನನ್ನು ತಾನೇ ತೋರಿಸಿಕೊಳ್ಳುವ ಸಂಭವವುಂಟು. ಲೋಳೆಯ ಎಳೆಯೂ ಬಿಳಿಯ ದಾರದಂತೆ ಕಾಣುತ್ತದೆ. ಆದರೆ ಲೋಳೆ ತಾನಾಗಿ ಬಳುಕುವುದಿಲ್ಲ. ಇಷ್ಟಕ್ಕೆ ಮನೆಯ ಪರೀಕ್ಷೆ ಮುಗಿಯಿತು. ಮೂರನೆಯ ರೆಪ್ಪೆಯನ್ನು ಎತ್ತಿ ಅದರ ಹಿಂದೆ ನೋಡುವುದು ವೈದ್ಯರ ಕೆಲಸ. ಕಣ್ಣಿನಲ್ಲಿ ಏನೂ ಕಾಣಲಿಲ್ಲವೆಂದು ಹುಳುವಿಲ್ಲವೆಂದು ನಿಶ್ಚಯಿಸುವುದೂ ಸರಿಯಲ್ಲ. ಅವು ಬಹುವಾಗಿ ಅವಿತುಕೊಂಡಿರುವುದು ಆ ರೆಪ್ಪೆಯ ಹಿಂದೆಯೇ. ಪಶುವೈದ್ಯರ ಬಳಿಗೆ ಹೋದಾಗ ಮರ್ಯಾದೆಯಿಂದ ಒಂದು ಮಾತನ್ನು ಕೇಳುವುದರಲ್ಲಿ ತಪ್ಪಿಲ್ಲ: "ಮೂರನೆಯ ರೆಪ್ಪೆಯ ಹಿಂದೆಯೂ ಒಮ್ಮೆ ನೋಡುವಿರಾ?" ಈ ಒಂದು ಪ್ರಶ್ನೆ ಎಷ್ಟೋ ತಿಂಗಳುಗಳ ಯಾತನೆಯನ್ನು ತಪ್ಪಿಸಬಲ್ಲದು.

ಚಿಕಿತ್ಸೆಯಲ್ಲಿ ಎರಡು ಅಂಗಗಳುಂಟು. ಮೊದಲನೆಯದು ಹುಳುವನ್ನು ಕೈಯಾರೆ ತೆಗೆಯುವುದು. ವೈದ್ಯರು ಕಣ್ಣಿಗೆ ಸ್ಥಳೀಯ ಅರಿವಳಿಕೆಯ ಹನಿಗಳನ್ನು ಬಿಡುತ್ತಾರೆ. ಬೆಕ್ಕು ಒಪ್ಪದಿದ್ದರೆ ಮಂಪರು ಬರುವ ಔಷಧವನ್ನೂ ಕೊಡಬೇಕಾಗುತ್ತದೆ. ಕಣ್ಣು ಜೋಮು ಹಿಡಿದ ಮೇಲೆ ಮೂರನೆಯ ರೆಪ್ಪೆಯನ್ನು ಎತ್ತಿ, ಶುದ್ಧಗೊಳಿಸಿದ ಲವಣಜಲವನ್ನು ಪಿಚಕಾರಿಯಿಂದ ಹಾಯಿಸಿ ತೊಳೆಯುತ್ತಾರೆ. ಹುಳುಗಳಲ್ಲಿ ಕೆಲವು ನೀರಿನೊಡನೆಯೇ ಹೊರಬೀಳುತ್ತವೆ. ಉಳಿದವನ್ನು ನಯವಾದ ಚಿಮಟದಿಂದಲೋ ಒದ್ದೆ ಹತ್ತಿ ಸುತ್ತಿದ ಕಡ್ಡಿಯಿಂದಲೋ ತೆಗೆಯುತ್ತಾರೆ. ತೆಗೆದ ಹುಳುವನ್ನು ಎಸೆಯದೆ ಸ್ಪಿರಿಟ್ಟಿನ ಸೀಸೆಯಲ್ಲಿಟ್ಟರೆ ಅದು ಯಾವ ಜಾತಿಯದೆಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ನಿರ್ಣಯಿಸಲು ಬರುತ್ತದೆ. ದೊಡ್ಡ ಹುಳುಗಳನ್ನು ತೆಗೆದೊಡನೆ ಬೆಕ್ಕಿಗೆ ಆಗುವ ಹಾಯಿ ಅಷ್ಟಿಷ್ಟಲ್ಲ. ಆದರೆ ಇನ್ನೂ ಬೆಳೆಯದ ಸಣ್ಣ ಹುಳುಗಳೂ ಕಣ್ಣೀರಿನ ನಾಳದೊಳಗೆ ಸೇರಿಕೊಂಡವೂ ಚಿಮಟಕ್ಕೆ ಸಿಕ್ಕುವುದಿಲ್ಲ. ಅದಕ್ಕಾಗಿಯೇ ಎರಡನೆಯ ಅಂಗ, ಎಂದರೆ ಔಷಧ.

ಹುಳುವನ್ನು ಕೊಲ್ಲುವ ಔಷಧಗಳಲ್ಲಿ ಬೆಕ್ಕುಗಳ ಮೇಲೆ ಪರೀಕ್ಷಿಸಲ್ಪಟ್ಟವು ಮುಖ್ಯವಾಗಿ ಎರಡು ಬಗೆ. ಒಂದು, ಮಿಲ್ಬೆಮೈಸಿನ್ ಆಕ್ಸೈಮ್ ಎಂಬ ದ್ರವ್ಯವುಳ್ಳ ಗುಳಿಗೆ; ಇದನ್ನು ಬೆಕ್ಕಿನ ತೂಕದ ಪ್ರತಿ ಕಿಲೋಗ್ರಾಮಿಗೆ ಕನಿಷ್ಠ 2 ಮಿಲಿಗ್ರಾಮಿನಂತೆ ವೈದ್ಯರು ಕೊಡುತ್ತಾರೆ. 2012ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒಂದು ಗುಳಿಗೆಯಿಂದ ಫಲ ದೊರೆತದ್ದು ಅರ್ಧಕ್ಕಿಂತ ತುಸು ಹೆಚ್ಚು. ಎರಡನೆಯ ಗುಳಿಗೆಯ ತರುವಾಯ ಅದು ಮುಕ್ಕಾಲಿನ ಹತ್ತಿರಕ್ಕೆ ಏರಿತು. ಇನ್ನೊಂದು, ಮಾಕ್ಸಿಡೆಕ್ಟಿನ್ ಎಂಬ ದ್ರವ್ಯ ಸೇರಿದ, ಕತ್ತಿನ ಹಿಂಭಾಗದ ಚರ್ಮದ ಮೇಲೆ ಬಿಡುವ ದ್ರವೌಷಧ. ಗುಳಿಗೆ ನುಂಗದ ಬೆಕ್ಕುಗಳಿಗೆ ಇದು ಅನುಕೂಲ. ಈ ಅಂಕೆಗಳಿಂದ ಕಲಿಯಬೇಕಾದ ಪಾಠವೊಂದುಂಟು. ಒಂದು ಸಲ ಔಷಧ ಕೊಟ್ಟು ಕೈತೊಳೆದುಕೊಂಡರೆ ಆಗದು. ವಾರ ಕಳೆದ ಮೇಲೆ ಕಣ್ಣನ್ನು ಮತ್ತೆ ತೋರಿಸಿ, ಹುಳು ಉಳಿದಿದ್ದರೆ ಚಿಕಿತ್ಸೆಯನ್ನು ಮತ್ತೆ ಮಾಡಿಸಬೇಕು. ಹುಳು ಹೋದ ಮೇಲೆಯೂ ತರಚಿದ ಕಣ್ಣು ಮಾಯಲು ಕೆಲವು ದಿನ ಹಿಡಿಯುತ್ತದೆ. ಆ ಅವಧಿಯಲ್ಲಿ ಸೋಂಕನ್ನು ತಡೆಯುವ ಹನಿಯೌಷಧದ ಆವಶ್ಯಕತೆ ಬರಬಹುದು.

ಮಾಡಬೇಕಾದುದಕ್ಕಿಂತಲೂ ಮಾಡಬಾರದುದನ್ನು ತಿಳಿಯುವುದು ಇಲ್ಲಿ ಮುಖ್ಯ. ಮೊದಲನೆಯದಾಗಿ, ಮನೆಮದ್ದು. ನಮ್ಮಲ್ಲಿ ಕಣ್ಣಿಗೆ ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ನಂದಿಬಟ್ಟಲ ಹೂವಿನ ರಸ ಮುಂತಾದುವನ್ನು ಬಿಡುವ ವಾಡಿಕೆಯುಂಟು. ಇವುಗಳಿಂದ ಹುಳು ಸಾಯುವುದಿಲ್ಲ. ಹುಣ್ಣಾದ ಕಣ್ಣಿಗೆ ಹೊರಗಿನ ಸೋಂಕು ಸೇರಲು ಮಾತ್ರ ದಾರಿಯಾಗುತ್ತದೆ. ಎರಡನೆಯದಾಗಿ, ಹಿಂದೆ ಯಾರಿಗೋ ಬರೆದುಕೊಟ್ಟು ಮಿಕ್ಕಿದ ಕಣ್ಣಿನ ಹನಿಗಳು. ಇವುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಎಂಬ ದ್ರವ್ಯವನ್ನು ಒಳಗೊಂಡಿರುತ್ತವೆ. ಕೆಂಪನ್ನು ಅವು ಬೇಗ ಇಳಿಸುತ್ತವೆ. ಆದರೆ ಪಟಲದ ಮೇಲೆ ಹುಣ್ಣಿದ್ದರೆ ಅದು ಮಾಯುವುದನ್ನು ತಡೆದು ಕಣ್ಣು ತೂತಾಗುವುದಕ್ಕೆ ಎಡೆಮಾಡುತ್ತವೆ. ಹುಣ್ಣು ಇದೆಯೋ ಇಲ್ಲವೋ ಎಂಬುದನ್ನು ವೈದ್ಯರು ಫ್ಲೂರೊಸೀನ್ ಎಂಬ ಬಣ್ಣವನ್ನು ಕಣ್ಣಿಗೆ ಹಾಕಿ ನೋಡುತ್ತಾರೆ. ಹುಣ್ಣಿರುವ ಸ್ಥಳ ಹಸಿರಾಗಿ ಹೊಳೆಯುತ್ತದೆ. ಆ ಪರೀಕ್ಷೆಯಾಗದೆ ಅಂತಹ ಹನಿಯನ್ನು ಮುಟ್ಟಲೇಬಾರದು. ಅರಿವಳಿಕೆಯ ಹನಿಯೂ ಹಾಗೆಯೇ. ವೈದ್ಯರ ಕೈಯಲ್ಲಿ ಒಮ್ಮೆ ಬಳಸಿದರೆ ಅದು ಉಪಕಾರಿ. ಮನೆಯಲ್ಲಿ ದಿನವೂ ಬಿಟ್ಟರೆ ಕಣ್ಣಿಗೆ ಕೇಡು.

ಮೂರನೆಯ ಎಚ್ಚರಿಕೆ ಎಲ್ಲಕ್ಕಿಂತ ಗುರುತರವಾದುದು. ನೊಣದಿಂದ ಬರುವ ರೋಗವೆಂದು ಕೇಳಿದೊಡನೆ, ನಾಯಿಯ ಮೈಮೇಲೆ ಉಣ್ಣೆ ಚಿಗಟಗಳಿಗಾಗಿ ಬಿಡುವ ಔಷಧವನ್ನು ಬೆಕ್ಕಿಗೂ ಬಿಡೋಣವೆಂದು ಯಾರಿಗಾದರೂ ತೋರಬಹುದು. ನಾಯಿಗಳ ಅಂತಹ ಎಷ್ಟೋ ಔಷಧಗಳಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕವಿರುತ್ತದೆ. ನಾಯಿಗೆ ಅದು ಹಿತ, ಬೆಕ್ಕಿಗೆ ವಿಷ. ಆ ದ್ರವ್ಯವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಮೈ ನಡುಗಿ, ಸೆಟೆದುಕೊಂಡು, ಬೆಕ್ಕು ಪ್ರಾಣವನ್ನೇ ಬಿಡಬಹುದು. ನೋವು ಶಮನವಾಗಲೆಂದು ಮನುಷ್ಯರ ಪ್ಯಾರಾಸೆಟಮಾಲ್ ಗುಳಿಗೆಯ ಚೂರು ಕೊಡುವುದೂ ಇದೇ ಕಾರಣದಿಂದ ಮಾರಕ. ದನಗಳಿಗೆ ಹಾಕುವ ಐವರ್ಮೆಕ್ಟಿನ್ ಸೂಜಿಮದ್ದನ್ನು ಅಂದಾಜಿನ ಮೇಲೆ ಬೆಕ್ಕಿಗೆ, ಅದರಲ್ಲಿಯೂ ಮರಿಗಳಿಗೆ, ಕೊಡುವುದು ಅಪಾಯಕರ. ಬೆಕ್ಕು ಸಣ್ಣ ನಾಯಿಯಲ್ಲ, ಸಣ್ಣ ಹಸುವೂ ಅಲ್ಲ. ಅದಕ್ಕೆಂದೇ ಗೊತ್ತುಮಾಡಿದ ಔಷಧ, ಅದರ ತೂಕಕ್ಕೆ ತಕ್ಕ ಪ್ರಮಾಣ, ಇವೆರಡೂ ವೈದ್ಯರಿಂದಲೇ ಬರಬೇಕು.

ಇಲ್ಲಿ ಒಂದು ಭೇದವನ್ನು ಹೇಳುವುದು ಆವಶ್ಯಕ. ಇದುವರೆಗೆ ಹೇಳಿದ್ದು ಕಣ್ಣಿನ ಹೊರಮೈಯಲ್ಲಿ ವಾಸಿಸುವ ಹುಳುವಿನ ವಿಚಾರ. ಕೆಲವು ಪ್ರಾಣಿಗಳಲ್ಲಿ, ವಿಶೇಷವಾಗಿ ನಮ್ಮ ದೇಶದ ಕುದುರೆಗಳಲ್ಲಿ, ಕಣ್ಣುಗುಡ್ಡೆಯ ಒಳಗಿನ ನೀರಿನಲ್ಲಿಯೇ ಬೇರೊಂದು ಕುಲದ ಹುಳು ಸುಳಿದಾಡುವುದುಂಟು. ಹೊರಗಿನ ಹುಳು ರೆಪ್ಪೆಯ ಕೆಳಗೆ ನುಸುಳಿ ಮರೆಯಾಗುತ್ತದೆ. ಒಳಗಿನದು ಗಾಜಿನ ಭರಣಿಯೊಳಗಿನ ಮೀನಿನಂತೆ ಪಟಲದ ಹಿಂದೆಯೇ ಕಾಣುತ್ತಿರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಲವಣಜಲ ಹಾಯಿಸಿ ತೊಳೆದರೆ ಅದು ಹೊರಬರುವುದಿಲ್ಲ.

ಮನುಷ್ಯರ ವಿಚಾರವಾಗಿ ಎರಡು ಮಾತು. 2008ರಲ್ಲಿ ಇಟಲಿ ಫ್ರಾನ್ಸ್ ದೇಶಗಳ ನಾಲ್ವರ ಕಣ್ಣಿನಲ್ಲಿ ಈ ಹುಳು ದೊರೆತ ವರದಿ ಪ್ರಕಟವಾಯಿತು. ಏಷ್ಯದಲ್ಲಿ ಇದಕ್ಕೆ ಗುರಿಯಾದವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳು ಮತ್ತು ವೃದ್ಧರು; ಮುಖದ ಮೇಲೆ ಕುಳಿತ ನೊಣವನ್ನು ಬೇಗನೆ ಅಟ್ಟಲಾರದವರು. ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ 2016ರಲ್ಲಿ ತರುಣಿಯೊಬ್ಬಳ ಕಣ್ಣಿನಿಂದ, ದನಗಳಲ್ಲಿ ಕಾಣುವ ತೆಲಾಜಿಯ ಗುಲೋಸ ಎಂಬ ಹುಳುಗಳು 14 ಹೊರಬಂದವು. ಅವನ್ನು ತೆಗೆದ ಮೇಲೆ ಕಣ್ಣು ಗುಣವಾಯಿತು. ಬೆಕ್ಕಿನ ಕಣ್ಣಿನಲ್ಲಿ ಹುಳು ಕಂಡರೆ ಮನೆಯವರು ಗಾಬರಿಯಾಗಿ ಬೆಕ್ಕನ್ನು ಬೀದಿಗೆ ಬಿಡಬೇಕಾದುದಿಲ್ಲ. ಬೀದಿಗೆ ಬಿಟ್ಟ ಬೆಕ್ಕಿನ ಕಣ್ಣಿನಿಂದಲೇ ನೊಣಗಳು ಮರಿಗಳನ್ನು ಹೊತ್ತೊಯ್ಯುವುದು. ಚಿಕಿತ್ಸೆಯಾದ ಬೆಕ್ಕಿನಿಂದ ಯಾರಿಗೂ ಭಯವಿಲ್ಲ. ಪ್ರಾಣಿಯ ಹಿತವೂ ಮನೆಯವರ ಹಿತವೂ ಇಲ್ಲಿ ಒಂದೇ ಆಗಿವೆ. ಮನೆಯಲ್ಲಿ ಯಾರಿಗಾದರೂ ಕಣ್ಣಿನಲ್ಲಿ ದಾರ ಸರಿದಾಡಿದಂತಾಗಿ ನೀರು ಸುರಿಯುತ್ತಿದ್ದರೆ ಅವರು ನೇತ್ರವೈದ್ಯರನ್ನು ಕಾಣಬೇಕು.

ತಡೆಯುವ ಮಾರ್ಗಗಳು ಸರಳವಾದುವು. ನೊಣ ಹೆಚ್ಚಾಗಿರುವ ಕಾಲದಲ್ಲಿ ಬೆಕ್ಕನ್ನು ಆದಷ್ಟು ಮನೆಯೊಳಗೆ ಇರಿಸಿಕೊಳ್ಳುವುದು. ಹಿತ್ತಿಲಲ್ಲಿ ಕೊಳೆತ ಹಣ್ಣು, ಕಸ, ಸಗಣಿಗಳ ರಾಶಿ ಬೀಳದಂತೆ ನೋಡಿಕೊಳ್ಳುವುದು. ಬೆಕ್ಕಿನ ಕಣ್ಣಿನ ಸುತ್ತ ಗೀಜು ಕಟ್ಟಿದ್ದರೆ ಕಾದಾರಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು, ಏಕೆಂದರೆ ಒದ್ದೆ ಕಣ್ಣು ನೊಣವನ್ನು ಕರೆಯುತ್ತದೆ. ಹುಳು ನೆಲೆಯೂರಿದ ಪ್ರದೇಶಗಳಿಗೆ ಸಾಕುಪ್ರಾಣಿಯನ್ನು ಕರೆದೊಯ್ದು ಹಿಂದಿರುಗಿದವರು, ಕಣ್ಣು ಚೆನ್ನಾಗಿಯೇ ಇದ್ದಂತೆ ತೋರಿದರೂ, ಒಂದೆರಡು ತಿಂಗಳೊಳಗೆ ವೈದ್ಯರಿಗೆ ತೋರಿಸುವುದು ಲೇಸು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂಬ ಮಾತಿನಂತೆ, ಹುಳು ಕಣ್ಣೆದುರಿಗೇ ಇರುವಾಗ ನಾವು ನೋಡದೆ ಬಿಡುವುದು ಸಲ್ಲದು. ಬೆಕ್ಕನ್ನು ಸಾಕಿರುವ ಪ್ರತಿಯೊಬ್ಬರೂ ವಾರಕ್ಕೊಮ್ಮೆ, ಅದು ಮಡಿಲಿಗೆ ಬಂದು ಕುಳಿತ ಹೊತ್ತಿನಲ್ಲಿ, ಬೆಳಕಿಗೆ ಅದರ ಮುಖವನ್ನು ತಿರುಗಿಸಿ ಎರಡು ಕಣ್ಣುಗಳನ್ನೂ ಹೋಲಿಸಿ ನೋಡಿರಿ. ಒಂದು ಕಣ್ಣು ಇನ್ನೊಂದಕ್ಕಿಂತ ಚಿಕ್ಕದಾಗಿ ತೆರೆದಿದೆಯೆ, ಒದ್ದೆಯಾಗಿದೆಯೆ, ಮಬ್ಬಾಗಿದೆಯೆ? ವ್ಯತ್ಯಾಸ ಕಂಡುಬಂದು ಎರಡು ದಿನಕ್ಕೂ ಹೋಗದಿದ್ದರೆ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ಬೆಕ್ಕು ಕಣ್ಣನ್ನು ಪೂರ್ತಿ ಮುಚ್ಚಿಕೊಂಡಿದ್ದರೆ, ಇಲ್ಲವೆ ಪಟಲ ಮಬ್ಬಾಗಿದ್ದರೆ, ಆ ದಿನವೇ ಕರೆದೊಯ್ಯಿರಿ. ಅಲ್ಲಿ ಮೂರನೆಯ ರೆಪ್ಪೆಯ ಹಿಂದೆ ನೋಡುವಂತೆ ಕೇಳಿಕೊಳ್ಳುವುದನ್ನು ಮಾತ್ರ ಮರೆಯದಿರಿ.